ಹಳೇ ಬ್ಯಾಟರಿ ಮಾರೋದು ಸುಲಭ, ರಸೀದಿ ಸಿಗೋದೇ ಕಷ್ಟ: ದಾವಣಗೆರೆಯಲ್ಲಿ ನನ್ನ ಓಡಾಟ

ನಮ್ಮ ಮಾವ ಬಹಳ ವರ್ಷ ಬಾಡಿಗೆ ಕಾರು ಓಡಿಸಿದವರು. ಮೊದಲು ಅಂಬಾಸಿಡರ್, ಆಮೇಲೆ ಇಂಡಿಕಾ, ಕೊನೆಗೆ ಒಂದು ಸುಮೋ. ಕಾರುಗಳು ಒಂದೊಂದಾಗಿ ಹೋದವು, ಬ್ಯಾಟರಿಗಳು ಮಾತ್ರ ಮನೆಯಲ್ಲೇ ಉಳಿದವು. ಹೊಸ ಬ್ಯಾಟರಿ ತಂದಾಗ ಹಳೇದಕ್ಕೆ ಅಂಗಡಿಯವರು ಕೊಡುವ ದುಡ್ಡು ಕಡಿಮೆ ಅನ್ನೋದು ಅವರ ದೂರು. "ಸೀಸದ ರೇಟು ಏರ್ತದೆ, ಇರ್ಲಿ ಬಿಡವ್ವಾ" ಅಂತ ವಿನೋಬನಗರದ ಮನೆ ಹಿಂದಿನ ತಗಡಿನ ಶೆಡ್ಡಿಗೆ ಸೇರಿಸುತ್ತಾ ಬಂದರು. ಐದು ಕಾರಿನ ಬ್ಯಾಟರಿ. ಅದರ ಮೇಲೆ ಕೆಟ್ಟುಹೋದ ಒಂದು ಇನ್ವರ್ಟರ್ ಬ್ಯಾಟರಿ.

ಈಗ ಮಾವನಿಗೆ ಮೊಣಕಾಲು ನೋವು. ಮೇಲಿನ ಕೋಣೆಗೆ ಹತ್ತಲು ಆಗುತ್ತಿಲ್ಲ. ಹಿಂದಿನ ಶೆಡ್ಡು ಕೆಡವಿ ಅವರಿಗೊಂದು ರೂಮು, ಬಾತ್‌ರೂಮು ಮಾಡಿಸಬೇಕು. ಮೇಸ್ತ್ರಿ ಬಂದು ನೋಡಿ "ಇದೆಲ್ಲಾ ಖಾಲಿ ಮಾಡಿಸ್ರಿ, ಆಮೇಲೆ ಕೆಲ್ಸ" ಅಂದ. ಯಜಮಾನರು ಇರೋದು ಬೆಂಗಳೂರಿನಲ್ಲಿ. ಹಾಗಾಗಿ ಈ ಕೆಲಸ ನನ್ನ ತಲೆಗೆ ಬಂತು.

ಬ್ಯಾಟರಿ ಮಾರೋದು ಹತ್ತು ನಿಮಿಷದ ಕೆಲಸ. ಬೀದಿಯಲ್ಲಿ ಗುಜರಿ ಗಾಡಿ ಬಂದಾಗ ಒಂದು ಕೂಗು ಹಾಕಿದರೆ ಸಾಕು, ಮನೆ ಬಾಗಿಲಿಗೆ ಬಂದು ದುಡ್ಡು ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಅದು ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದಾಗಲೇ ತಾಪತ್ರಯ ಶುರು. ನನಗೆ ಆದದ್ದೂ ಅದೇ. ನಿಮ್ಮ ಮನೆಯಲ್ಲೂ ಇಂಥ ಬ್ಯಾಟರಿ ಇದ್ದರೆ ಮುಂದಿನದು ಉಪಯೋಗಕ್ಕೆ ಬರಬಹುದು.

ಗುಜರಿಯ ಹುಡುಗ ಬಂದ. ಒಳ್ಳೆಯ ಹುಡುಗನೇ. ಶೆಡ್ಡಿನೊಳಗೆ ಬಗ್ಗಿ ನೋಡಿ ರೇಟು ಹೇಳಿದ. "ಅಕ್ಕಾ, ಹಿಂಗೇ ಕೊಟ್ರೆ ಕೆಜಿಗೆ 75. ಆಸಿಡ್ ಚೆಲ್ಲಿ ಕೊಟ್ರೆ 105."

"ಎಲ್ಲಿ ಚೆಲ್ಲೋದಪ್ಪಾ?"

"ಅಲ್ಲೇ ಚರಂಡಿ ಐತಲ್ಲಕ್ಕಾ. ನಾನೇ ಚೆಲ್ಲಿ ಕೊಡ್ತೀನಿ, ಎರಡು ಬಿಂದಿಗೆ ನೀರು ಕೊಡ್ರಿ ಸಾಕು."

ಮಾವ ಒಳಗಿಂದಲೇ "ನೂರೈದಕ್ಕೆ ಕೊಡು" ಅಂದರು. ನಮ್ಮ ಚರಂಡಿಯ ಪಕ್ಕದಲ್ಲೇ ಎದುರು ಮನೆಯ ಮಕ್ಕಳು ಗೋಲಿ ಆಡುತ್ತಾರೆ. ಆ ಆಸಿಡ್ ಅಂದರೆ ಗಂಧಕಾಮ್ಲ, ಜೊತೆಗೆ ಅದರಲ್ಲಿ ಸೀಸವೂ ಸೇರಿರುತ್ತೆ. ಆಮೇಲೆ ಹೇಳ್ತೀನಿ ಅಂತ ಅವನನ್ನು ಕಳಿಸಿದೆ.

ಆ ಲೆಕ್ಕ ಎಂಥದ್ದು ಅಂತ ಕೊನೆಗೆ ತೂಕ ಮಾಡಿಸಿದಾಗ ಗೊತ್ತಾಯಿತು. ನಮ್ಮ ಮಾಲು ಆಸಿಡ್ ಸಮೇತ 114 ಕೆಜಿ. 75ರಂತೆ 8,550 ರೂಪಾಯಿ. ಆಸಿಡ್ ತೆಗೆದರೆ ಕಾಲು ಭಾಗಕ್ಕಿಂತ ಜಾಸ್ತಿ ತೂಕ ಇಳಿಯುತ್ತೆ, ಹೆಚ್ಚು ಕಡಿಮೆ 82 ಕೆಜಿ ಅಂತಿಟ್ಟುಕೊಳ್ಳಿ. 105ರಂತೆ 8,610. ಅರವತ್ತು ರೂಪಾಯಿ ವ್ಯತ್ಯಾಸ! ಅದಕ್ಕೋಸ್ಕರ ಬೀದಿಯ ಚರಂಡಿಗೆ ಬಕೆಟ್‌ಗಟ್ಟಲೆ ಆಸಿಡ್. ಯಾರಾದರೂ ನಿಮಗೂ ಇಂಥ ಎರಡು ರೇಟು ಹೇಳಿದರೆ ಮೊದಲು ಒಂದು ಚೀಟಿಯ ಮೇಲೆ ಗುಣಿಸಿ ನೋಡಿ.

ಮರುದಿನ ಬೆಳಗ್ಗೆ ಪಾಲಿಕೆಯ ಕಸದ ಗಾಡಿ ಬಂದಾಗ ಕೇಳಿದೆ. ಗಾಡಿಯ ಜೊತೆ ಬಂದ ಅಮ್ಮ ಕೈ ಆಡಿಸಿ "ಅದ್ನ ಮುಟ್ಟಲ್ಲಮ್ಮಾ, ಆಸಿಡ್ ಚೆಲ್ತದೆ" ಅಂದರು. ಸರಿಯಾಗಿಯೇ ಹೇಳಿದರು. ಬ್ಯಾಟರಿಯನ್ನು ಮನೆ ಕಸದ ಜೊತೆ ಸೇರಿಸುವ ಹಾಗೇ ಇಲ್ಲ. 2001ರಲ್ಲೇ ಇದಕ್ಕೊಂದು ನಿಯಮ ಬಂದಿತ್ತು. ಅದರ ಜಾಗಕ್ಕೆ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಬಂತು. ಬಳಸುವವರು ಹಳೇ ಬ್ಯಾಟರಿಯನ್ನು ಬೇರೆಯಾಗಿ ಇಟ್ಟು, ಅದನ್ನು ಸಂಗ್ರಹಿಸುವವರಿಗೆ ಇಲ್ಲವೇ ರಿಸೈಕಲ್ ಮಾಡುವವರಿಗೆ ಕೊಡಬೇಕು ಅಂತ ಅದರಲ್ಲಿದೆ. ಹೊಸ ಬ್ಯಾಟರಿಗಳ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇರುತ್ತೆ, ನೋಡಿರಬಹುದು. ಅದರ ಅರ್ಥ ಇದೇ. ಕೆಳಗೆ ಪಿಬಿ ಅಂತ ಇಂಗ್ಲಿಷಿನ ಎರಡು ಅಕ್ಷರ ಇದ್ದರೆ ಒಳಗೆ ಸೀಸ ಇದೆ ಅಂತ.

ಆಮೇಲೆ ಪಿ.ಬಿ. ರಸ್ತೆಯ, ಅಂದರೆ ಪುಣೆ-ಬೆಂಗಳೂರು ರಸ್ತೆಯ, ಬ್ಯಾಟರಿ ಅಂಗಡಿಗಳಿಗೆ ಹೋದೆ. ಮೊದಲ ಅಂಗಡಿಯಲ್ಲಿ ಹೊಸದು ತಗೊಂಡರೆ ಮಾತ್ರ ಹಳೇದು ತಗೋತೀವಿ ಅಂದರು. ಸಣ್ಣ ಕಾರಿನ ಬ್ಯಾಟರಿಗೆ 900 ರೂಪಾಯಿ ಕಳೆದು ಬಿಲ್ ಮಾಡುತ್ತಾರಂತೆ. ನಮ್ಮ ಹತ್ತಿರ ಕಾರೇ ಇಲ್ಲ, ಹೊಸ ಬ್ಯಾಟರಿ ತಗೊಂಡು ಏನು ಮಾಡಲಿ? ನಿಮ್ಮ ಮನೆಯಲ್ಲಿ ಓಡುವ ಕಾರು ಇದ್ದು, ಬ್ಯಾಟರಿ ಬದಲಿಸುವ ಹೊತ್ತು ಬಂದಿದ್ದರೆ ಇದೇ ಎಲ್ಲಕ್ಕಿಂತ ಸುಲಭದ ದಾರಿ. ಹಳೇದನ್ನು ಅಲ್ಲೇ ಬಿಟ್ಟು ಬನ್ನಿ, ಬಿಲ್ಲಿನಲ್ಲಿ ಹಳೇ ಬ್ಯಾಟರಿಗೆ ಕಳೆದ ದುಡ್ಡನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಮಾವನ ಹಾಗೆ ಕೂಡಿಡಬೇಡಿ.

ಇನ್ನೊಂದು ಅಂಗಡಿಯವರು ದುಡ್ಡು ಕೊಡಲು ತಯಾರಿದ್ದರು. ರಸೀದಿ ಕೇಳಿದ್ದೇ ತಪ್ಪಾಯಿತು ಅನ್ನೋ ಹಾಗೆ ಮುಖ ನೋಡಿದರು. "ಗುಜರಿಗೆ ಯಾರಾದ್ರೂ ಬಿಲ್ ಕೇಳ್ತಾರಾ ಮೇಡಂ?" ಎಲ್ಲಿಗೆ ಕಳಿಸ್ತೀರಿ ಅಂದರೆ "ಲಾರಿ ಬರ್ತದೆ, ಹೋಗ್ತದೆ" ಅಂದರು. ಲಾರಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅನ್ನುವ ಹೊತ್ತಿಗೆ ಅವರು ಫೋನ್ ಎತ್ತಿಕೊಂಡು ಒಳಗೆ ಹೋದರು.

ಬ್ಯಾಟರಿಯ ಮೇಲೆಯೇ ಕಂಪನಿಯ ಟೋಲ್ ಫ್ರೀ ನಂಬರ್ ಇತ್ತು. ಮಾಡಿದೆ. ಸಂಗೀತ ಕೇಳಿ ಕೇಳಿ ಕಿವಿ ನೋವು ಬಂತು. ಕೊನೆಗೆ ಒಬ್ಬಳು ಹುಡುಗಿ ಪಿನ್ ಕೋಡ್ ತಗೊಂಡು, ನಿಮ್ಮ ಹತ್ತಿರದ ಡೀಲರ್ ಇವರು ಅಂತ ಹೆಸರು ಕೊಟ್ಟಳು. ಯಾರು ಅಂದುಕೊಂಡಿರಿ? ಹೊಸದು ತಗೊಂಡರೆ ಮಾತ್ರ ಅಂದ ಅದೇ ಮೊದಲ ಅಂಗಡಿ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಇಷ್ಟೊತ್ತಿಗೆ ಮಾವನಿಗೆ ಸಿಟ್ಟು ಬಂದಿತ್ತು. "ಕಸಕ್ಕೆ ಇಷ್ಟು ಓಡಾಡ್ತಾರೇನವ್ವಾ ಯಾರಾದ್ರೂ?" ಅಂತ ದಿನವೂ ಅದೇ ಮಾತು. ನನಗೂ ಸಾಕಾಗಿತ್ತು, ಸುಮ್ನೆ ಗುಜರಿಗೆ ಕೊಟ್ಟುಬಿಡೋಣ ಅನ್ನಿಸಿತ್ತು. ಆದರೆ ನಮ್ಮ ನಾದಿನಿಯ ಮಗ, ನಾಲ್ಕು ವರ್ಷದವನು, ರಜೆಗೆ ಬಂದಾಗಲೆಲ್ಲಾ ಅದೇ ಶೆಡ್ಡಿನ ಮಣ್ಣಿನಲ್ಲಿ ಲಾರಿ ಆಟ ಆಡುತ್ತಿದ್ದ. ಸೀಸದ ಬಗ್ಗೆ ಓದಿದ ಮೇಲೆ ಅದೇ ಕಣ್ಣ ಮುಂದೆ ಬರುತ್ತಿತ್ತು. ಮೈಯಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಬುದ್ಧಿ ಬೆಳವಣಿಗೆಗೇ ಅದು ಪೆಟ್ಟು ಕೊಡುತ್ತೆ. ಪ್ರಪಂಚದ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದೆ ಅಂತ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನುವ ಸಂಸ್ಥೆ ವರದಿ ಮಾಡಿದ್ದವು. ಕಂಡ ಕಂಡಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸೋದನ್ನು ಅದಕ್ಕೆ ದೊಡ್ಡ ಕಾರಣ ಅಂತ ಆ ವರದಿಯಲ್ಲಿ ಹೇಳಿದ್ದರು.

ಸೀಸ ಕರಗಲು 327 ಡಿಗ್ರಿ ಶಾಖ ಸಾಕು. ಹಾಗಾಗಿಯೇ ಕೊಡಲಿಯಲ್ಲಿ ಒಡೆದು, ಒಂದು ಡ್ರಮ್ಮಿನ ಒಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುವವರು ಹುಟ್ಟಿಕೊಳ್ಳೋದು. ಮಂಡಕ್ಕಿ ಭಟ್ಟಿ ನೋಡಿ ಬೆಳೆದ ಊರು ನಮ್ಮದು, ಭಟ್ಟಿಯ ಹೊಗೆ ನಮಗೆ ಹೊಸದಲ್ಲ. ಆದರೆ ಸೀಸದ ಹೊಗೆ ಬೇರೆ ಮಾತು. ಹೊಗೆ ಹೋದ ಮೇಲೂ ಸೀಸ ಹೋಗಲ್ಲ, ಸುತ್ತಲಿನ ಮಣ್ಣಿನಲ್ಲಿ ಕೂತುಬಿಡುತ್ತೆ.

ಪರಿಚಯದವರೊಬ್ಬರು ಹೇಳಿದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋದೆ. ಸ್ವಲ್ಪ ಹೆದರಿಕೆ ಇತ್ತು. ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ದಂಡ ಹಾಕಿಬಿಟ್ಟರೆ? ಹಾಗೇನೂ ಆಗಲಿಲ್ಲ. ಕಾದು ಕೂತ ಮೇಲೆ ಒಬ್ಬ ಅಧಿಕಾರಿ ಸಮಾಧಾನದಿಂದ ಮಾತಾಡಿದರು. ಮನೆಯವರು ಯಾವ ಫಾರಮ್ಮನ್ನೂ ತುಂಬಬೇಕಾಗಿಲ್ಲ, ಪರವಾನಗಿಯನ್ನೂ ತಗೊಳ್ಳಬೇಕಾಗಿಲ್ಲ. ನೋಂದಣಿ ಬೇಕಿರೋದು ಬ್ಯಾಟರಿ ಮಾಡುವ ಕಂಪನಿಗೆ ಮತ್ತು ರಿಸೈಕಲ್ ಮಾಡುವವರಿಗೆ. ಕೇಂದ್ರ ಮಂಡಳಿಯ ಜಾಲತಾಣದಲ್ಲಿ ನೋಂದಾಯಿತ ರಿಸೈಕ್ಲರ್‌ಗಳ ಪಟ್ಟಿ ಇದೆ, ನೋಡಿಕೊಳ್ಳಿ ಅಂದರು. ಆಮೇಲೆ ಒಂದು ಮಾತು ಹೇಳಿದರು, ನನಗೆ ಉಪಯೋಗಕ್ಕೆ ಬಂದದ್ದು ಅದೇ: "ನೀವು ರಿಸೈಕ್ಲರ್‌ನ ಹುಡುಕ್ಕೊಂಡು ಹೋಗಬೇಡಿ. ಯಾವ ಅಂಗಡಿಯಿಂದ ಅವರಿಗೆ ಮಾಲು ಹೋಗ್ತದೆ, ಅದನ್ನ ಹುಡುಕಿ."

ನಿಜವೇ. ಪಟ್ಟಿ ನೋಡಿ ಒಂದೆರಡು ಕಡೆ ಫೋನ್ ಮಾಡಿದೆ. ಅವರ ಲೆಕ್ಕವೆಲ್ಲಾ ಟನ್‌ಗಳಲ್ಲಿ. ಆರು ಬ್ಯಾಟರಿಗೆ ದಾವಣಗೆರೆಗೆ ಗಾಡಿ ಕಳಿಸ್ತೀರಾ ಅಂದರೆ ಒಬ್ಬರು ನಕ್ಕೇಬಿಟ್ಟರು. ಆದರೂ ಆ ಫೋನಿನಿಂದ ಒಂದು ಲಾಭ ಆಯಿತು. ದಾವಣಗೆರೆಯಲ್ಲಿ ತಮಗೆ ಮಾಲು ಕೊಡುವ ಒಬ್ಬ ಡೀಲರ್ ಇದ್ದಾರೆ ಅಂತ ಅವರೇ ಹೇಳಿದರು. ನೀವೂ ಹೀಗೇ ಮಾಡಿ. ಪಟ್ಟಿಯಿಂದ ಹಿಂದಕ್ಕೆ ಬನ್ನಿ. ಅಂಗಡಿಗಳನ್ನು ಒಂದೊಂದಾಗಿ ಕೇಳುತ್ತಾ ಹೋದರೆ ಚಪ್ಪಲಿ ಸವೆಯುತ್ತೆ ಅಷ್ಟೇ.

ಈ ಡೀಲರ್ ರೈಸ್ ಮಿಲ್ಲುಗಳಿಗೆ, ಲಾರಿಗಳಿಗೆ ಬ್ಯಾಟರಿ ಕೊಡುವವರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಹಳೇ ಮಾಲಿಗೆ ಬೇರೆಯೇ ಒಂದು ರಿಜಿಸ್ಟರ್ ಇಟ್ಟಿದ್ದರು. ಯಾರಿಂದ ಬಂತು, ಎಷ್ಟು ತೂಕ, ಯಾವತ್ತು ಲಾರಿಗೆ ಹೋಯಿತು ಎಲ್ಲ ಅದರಲ್ಲಿ. ಆಸಿಡ್ ಸಮೇತ ಕೆಜಿಗೆ 72 ಅಂದರು. ಸೀಸದ ದರದ ಮೇಲೆ ಇದು ಏರಿಳಿಯುತ್ತೆ, ಹೊರಡುವ ದಿನ ಬೆಳಗ್ಗೆ ಫೋನ್ ಮಾಡಿ ಕೇಳಿಕೊಳ್ಳಿ. ಆಸಿಡ್ ಚೆಲ್ಲಿದ ಬ್ಯಾಟರಿ ತಂದರೆ ತಗೊಳ್ಳೋದೇ ಇಲ್ಲವಂತೆ.

ಎಲ್ಲಾ ಸರಿಹೋಯಿತು ಅಂದುಕೊಂಡೆ. ಆಗ ಅವರು ಕೇಳಿದರು, "ಇದು ನಿಮ್ದೇ ಅನ್ನೋದಕ್ಕೆ ಏನಿದೆ ಮೇಡಂ?"

ಲಾರಿ, ಟ್ರ್ಯಾಕ್ಟರು, ಮೊಬೈಲ್ ಟವರಿನ ಬ್ಯಾಟರಿ ಕದ್ದು ತಂದು ಮಾರುವವರು ಇದ್ದಾರಂತೆ. ಹಿಂದೆ ಒಮ್ಮೆ ಪೊಲೀಸರು ಬಂದು ಅವರ ರಿಜಿಸ್ಟರ್ ಕೇಳಿದ್ದರಂತೆ. ಆಧಾರ್ ಜೆರಾಕ್ಸ್ ಬೇಕು, ಜೊತೆಗೆ ಹಳೇ ಬಿಲ್ಲೋ ವಾರಂಟಿ ಕಾರ್ಡೋ ಗಾಡಿಯ ಆರ್‌ಸಿಯೋ ಬೇಕು. ಗಾಡಿಗಳನ್ನು ಮಾರಿ ಎಷ್ಟೋ ಕಾಲ ಆಯಿತು, ಆರ್‌ಸಿ ಎಲ್ಲಿಂದ ತರಲಿ? ಮನೆಗೆ ಬಂದು ಹೇಳಿದಾಗ ಮಾವ ಮೊದಲ ಸಲ ಈ ಕೆಲಸದಲ್ಲಿ ಹುರುಪು ತೋರಿಸಿದರು. ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಟೈರಿನ ಬಿಲ್ಲು, ಇನ್ಶೂರೆನ್ಸ್, ಪರ್ಮಿಟ್ ರಸೀದಿ, ಅದರ ನಡುವೆ ಮೂರು ಬ್ಯಾಟರಿಯ ವಾರಂಟಿ ಕಾರ್ಡು! "ಕಾಗದ ಬಿಸಾಡಬಾರದು" ಅಂತ ನನ್ನ ಕಡೆ ನೋಡಿದರು. ಉಳಿದವಕ್ಕೆ ಬಿಳಿ ಹಾಳೆಯಲ್ಲಿ "ಇವು ನನ್ನ ಬಾಡಿಗೆ ವಾಹನಗಳಿಗೆ ಮತ್ತು ಮನೆಗೆ ಬಳಸಿದ ಬ್ಯಾಟರಿಗಳು" ಅಂತ ಬರೆದು ಸಹಿ ಹಾಕಿದರು. ಡೀಲರ್ ಒಪ್ಪಿದರು. ಜೆರಾಕ್ಸ್ ಮೇಲೆ "ಹಳೇ ಬ್ಯಾಟರಿ ಕೊಟ್ಟದ್ದಕ್ಕೆ ಮಾತ್ರ" ಅಂತ ಬರೆದು ತಾರೀಖು ಹಾಕಿ ಕೊಟ್ಟೆ. ಆಧಾರ್ ಪ್ರತಿ ಎಲ್ಲಿ ಕೊಟ್ಟರೂ ಹಾಗೆ ಬರೆಯೋದು ಒಳ್ಳೇದು.

ಇನ್ನು ಸಾಗಿಸುವ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕೈ ಸುಟ್ಟುಕೊಳ್ಳೋದು ಇಲ್ಲೇ.

ಐದು ಬ್ಯಾಟರಿ ಗಟ್ಟಿ ಇದ್ದವು. ಅಂಬಾಸಿಡರಿನದ್ದು ಮಾತ್ರ ಮೂಲೆಯಲ್ಲಿ ಸೀಳು ಬಿಟ್ಟಿತ್ತು. ಟರ್ಮಿನಲ್ ಮೇಲೆ ಬಿಳಿ, ನೀಲಿ ಬೆರೆತ ಪುಡಿ ಕಲ್ಲುಪ್ಪಿನ ಹಾಗೆ ಕಟ್ಟಿಕೊಂಡಿತ್ತು. ಅದರ ಕೆಳಗಿನ ಕಡಪ ಕಲ್ಲು ಒಂದು ತಟ್ಟೆಯಗಲ ಬೆಳ್ಳಗಾಗಿ, ಮುಟ್ಟಿದರೆ ತರಿತರಿ. ಆಸಿಡ್ ಕಲ್ಲನ್ನೇ ತಿಂದಿತ್ತು. ಮೇಸ್ತ್ರಿಯ ಜೊತೆ ಬಂದ ಹುಡುಗ ನಾನು ಬೇಡ ಅನ್ನುವಷ್ಟರಲ್ಲಿ ಅದನ್ನು ಬರಿಗೈಯಲ್ಲಿ ಎತ್ತಿ ಹೊಟ್ಟೆಗೆ ಆನಿಸಿಕೊಂಡ. ತಕ್ಷಣ ಇಳಿಸಿ, ನಲ್ಲಿಯ ಕೆಳಗೆ ಕೈ ಹಿಡಿಸಿ ತುಂಬಾ ಹೊತ್ತು ನೀರು ಬಿಟ್ಟೆವು, ಅಂಗಿ ತೆಗೆಸಿದೆವು. ಪುಣ್ಯಕ್ಕೆ ಕೈಗೆ ಏನೂ ಆಗಲಿಲ್ಲ. ಅಂಗಿ ಮಾತ್ರ ಒಗೆದ ಮೇಲೆ ಹೊಟ್ಟೆಯ ಭಾಗದಲ್ಲಿ ಜರಡಿ. ಅವನಿಗೊಂದು ಹೊಸ ಅಂಗಿ, 350 ರೂಪಾಯಿ.

ಆಮೇಲೆ ಡೀಲರಿಗೇ ಫೋನ್ ಮಾಡಿ ಕೇಳಿದೆ. ಅವರು ಹೇಳಿದ ಹಾಗೆ ಮಾಡಿದೆವು. ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಸೋರುವ ಬ್ಯಾಟರಿ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ, ನೆಟ್ಟಗೆ. ಕಬ್ಬಿಣದ ಬಾಣಲೆ, ಗೋಣಿಚೀಲ ಎರಡೂ ಬೇಡ, ಆಸಿಡ್ ಎರಡನ್ನೂ ತಿನ್ನುತ್ತೆ. ಚೆಲ್ಲಿದ ಜಾಗಕ್ಕೆ ಅಡುಗೆ ಸೋಡಾ ಉದುರಿಸಿದರೆ ಬುಸುಬುಸು ನೊರೆ ಬರುತ್ತೆ. ನೊರೆ ಬರೋದು ನಿಲ್ಲುವ ತನಕ ಹಾಕುತ್ತಿರಬೇಕು. ಎಲ್ಲಾ ಬ್ಯಾಟರಿಯ ಟರ್ಮಿನಲ್ಲುಗಳಿಗೆ ಇನ್ಸುಲೇಶನ್ ಟೇಪು ಸುತ್ತಿದೆವು. ಸತ್ತ ಬ್ಯಾಟರಿ ಅಂದುಕೊಂಡದ್ದರಲ್ಲೂ ಸ್ವಲ್ಪ ಕರೆಂಟು ಉಳಿದಿರಬಹುದು, ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಕಿಡಿ ಹಾರುತ್ತೆ. ಹತ್ತಿರ ಬೀಡಿ ಸೇದಲು ಬಿಡಬೇಡಿ. ನಿಮ್ಮದು ಇನ್ನೂ ಕಾರಿನಲ್ಲೇ ಇದ್ದರೆ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಇದರ ಉಲ್ಟಾ.

ಆಟೋದವರು ಟಬ್ಬು ನೋಡಿಯೇ ಗಾಡಿ ತಿರುಗಿಸಿದರು. ಹಿಂದೆ ಯಾರದೋ ಬ್ಯಾಟರಿ ಸೋರಿ ಸೀಟು ಹಾಳಾಗಿತ್ತಂತೆ ಒಬ್ಬರಿಗೆ. ಲಗೇಜ್ ಆಟೋ ಮಾಡಿಸಿದೆ, 400 ರೂಪಾಯಿ. ಇನ್ವರ್ಟರ್ ಬ್ಯಾಟರಿ ಒಂದೇ 48 ಕೆಜಿ, ಇಬ್ಬರು ಬೇಕು ಎತ್ತೋದಕ್ಕೆ. ನಿಮ್ಮದು ಬರೀ ಇನ್ವರ್ಟರ್ ಬ್ಯಾಟರಿ ಆದರೆ ಮನೆಗೇ ಬಂದು ತಗೊಂಡು ಹೋಗ್ತೀರಾ ಅಂತ ಮೊದಲು ಕೇಳಿ. ಕೆಲವು ಅಂಗಡಿಯವರು ಬರುತ್ತಾರೆ.

ತೂಕದ ಕಾಟಾ ನನ್ನ ಕಡೆ ತಿರುಗಿಸಿಯೇ ಇಟ್ಟಿದ್ದರು, ಅದು ಇಷ್ಟವಾಯಿತು. 114 ಕೆಜಿ, 8,208 ರೂಪಾಯಿ. ರಸೀದಿಯಲ್ಲಿ ಎಷ್ಟು ಬ್ಯಾಟರಿ, ಎಷ್ಟು ತೂಕ, ಕೆಳಗೆ ಅಂಗಡಿಯ ಸೀಲು. ಮಾಲು ಹೋಗುವ ರಿಸೈಕ್ಲರ್ ಹೆಸರು, ನೋಂದಣಿ ಸಂಖ್ಯೆ ಕೇಳಿದೆ, ಬರೆದುಕೊಟ್ಟರು. ಪಟ್ಟಿಯಲ್ಲಿ ನೋಡಿದೆ, ಇತ್ತು. ಆಟೋ ಬಾಡಿಗೆ ಕಳೆದರೆ ಕೈಗೆ 7,808. ಗುಜರಿಗಿಂತ ಏಳುನೂರು ಚಿಲ್ಲರೆ ಕಡಿಮೆ. ಅಂಗಿಯದ್ದು ಬೇರೆ ಲೆಕ್ಕ.

ಮುಂದೆ ಏನಾಗುತ್ತೆ ಅಂತ ಅವರನ್ನೇ ಕೇಳಿದೆ. ಚಹಾ ತರಿಸಿ ವಿವರಿಸಿದರು. ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರದಲ್ಲಿ ಒಡೆಯುತ್ತಾರೆ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. ಅದನ್ನು ಕರಗಿಸಿ, ಶುದ್ಧ ಮಾಡಿ ಮತ್ತೆ ಬ್ಯಾಟರಿಗೇ ಹಾಕುತ್ತಾರೆ. ಸೀಸ ಎಷ್ಟು ಸಲ ಕರಗಿಸಿದರೂ ಸವೆಯಲ್ಲವಂತೆ. ಪ್ಲಾಸ್ಟಿಕ್ ಡಬ್ಬಿ ತೊಳೆದು ಕಾಳು ಮಾಡಿ ಹೊಸ ಡಬ್ಬಿ. ಆಸಿಡ್ಡನ್ನು ಹಾಗೇ ಬಿಡದೆ ಸಂಸ್ಕರಿಸುತ್ತಾರೆ. ಇಷ್ಟು ಮಾಲು ರಿಸೈಕಲ್ ಮಾಡಿದೆವು ಅಂತ ಅವರು ಕೊಡುವ ಪ್ರಮಾಣಪತ್ರವನ್ನು ಬ್ಯಾಟರಿ ಕಂಪನಿಗಳು ಲೆಕ್ಕಕ್ಕೆ ತೋರಿಸಬೇಕು, ಅದು 2022ರ ನಿಯಮ. ಕೊಡಲಿಯಲ್ಲಿ ಒಡೆದ ಬ್ಯಾಟರಿ ಈ ಲೆಕ್ಕಕ್ಕೆ ಬರೋದೇ ಇಲ್ಲ. ಅದಕ್ಕೇ ನಾನು ರಸೀದಿ, ರಸೀದಿ ಅಂತ ಹಟ ಹಿಡಿದದ್ದು.

ಶೆಡ್ಡಿನ ನೆಲವನ್ನು ಪೊರಕೆಯಲ್ಲಿ ಗುಡಿಸಲಿಲ್ಲ. ಧೂಳು ಎದ್ದರೆ ಸೀಸವೂ ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ, ಗ್ಲೌಸು, ಟಬ್ಬು ಎಲ್ಲವನ್ನೂ ಬೇರೆ ಇಟ್ಟು, ಅವನ್ನೂ ಡೀಲರಿಗೇ ಕೊಟ್ಟೆವು. ಅವತ್ತು ಹಾಕಿಕೊಂಡ ಬಟ್ಟೆ ಬೇರೆಯಾಗಿ ಒಗೆದೆವು. ನಾದಿನಿ ತನ್ನ ಮಗನ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿದಳು. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ, ಬರೆದುಕೊಟ್ಟಿದ್ದಾರೆ. ಕಬ್ಬಿಣದಂಶ ಕಡಿಮೆ ಇರುವ ಮಕ್ಕಳ ಮೈ ಸೀಸವನ್ನು ಜಾಸ್ತಿ ಹೀರುತ್ತೆ ಅಂತ ಅದನ್ನೂ ಜೊತೆಗೆ ನೋಡಿಸಲು ಹೇಳಿದರು. ರಿಪೋರ್ಟ್ ಇನ್ನೂ ಬಂದಿಲ್ಲ.

ದುಡ್ಡು ಮಾವನ ಕೈಗೆ ಕೊಟ್ಟೆ. ಎರಡು ಸಲ ಎಣಿಸಿದರು. "ಎಪ್ಪತ್ತೆರಡಕ್ಕೆ ಕೊಟ್ಯಾ? ಮುಂದಿನ ವರ್ಷ ತೊಂಬತ್ತು ಆಗ್ತಿತ್ತು" ಅಂದರು.

ಮರೆತಿದ್ದೆ, ಇನ್ನೊಂದು. ಲಗೇಜ್ ಆಟೋ ಹೊರಡುವಾಗ ಪಕ್ಕದ ಮನೆಯವರು ತಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಕೆಟ್ಟ ಬ್ಯಾಟರಿಯನ್ನೂ ಹಾಕಿ ಅಂತ ತಂದಿದ್ದರು. ಡೀಲರ್ ಅದನ್ನು ಮುಟ್ಟಲಿಲ್ಲ, ವಾಪಸ್ ತಂದೆ. ಅದು ಲಿಥಿಯಂ. ಸೀಸದ ಬ್ಯಾಟರಿಯ ಜೊತೆ ಸೇರಿ ಭಟ್ಟಿಗೆ ಹೋದರೆ ಸಿಡಿಯುತ್ತೆ. ಅಂಥದ್ದಿದ್ದರೆ ಸ್ಕೂಟರ್ ಮಾರಿದ ಶೋರೂಮಿನಲ್ಲೇ ಮೊದಲು ಕೇಳಿ, ಅಲ್ಲಿಯವರೆಗೆ ಒಣಗಿದ ಜಾಗದಲ್ಲಿ, ಬಿಸಿಲು ತಾಗದ ಕಡೆ ಇಡಿ.